ವರ್ನಾ ಪೆಲ್ಕಿ ಕೇಳಿದ ಪ್ರಶ್ನೆ

ಮೂವತ್ತು ವರ್ಷ ಶಾಲೆಯಲ್ಲಿ ನರ್ಸ್ ಆಗಿದ್ದ ವರ್ನಾ ಪೆಲ್ಕಿ, ನಿವೃತ್ತಿಯಾದ ಮೇಲೆ ಅಮೆರಿಕದ ಮೇನ್ ರಾಜ್ಯದ ಮರಣ ತನಿಖಾ ಕಚೇರಿಗೆ ಸೇರಿದಳು. ನಮ್ಮ ಆಲೂಗಡ್ಡೆ ಸೀಮೆಯಲ್ಲಿ ಯಾರಾದರೂ ಹಠಾತ್ತನೆ ಸತ್ತರೆ ಆ ಮನೆಗೆ ಹೋಗಿ ವಿಚಾರಿಸಿ ಬರೆದುಕೊಳ್ಳುವವಳು ಅವಳು. ಹೋದ ಮಾರ್ಚ್‌ನಲ್ಲಿ ನನ್ನ ಮೈದುನ ಡೆಲ್ ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ಇಪ್ಪತ್ತೊಂಬತ್ತರ ಗಟ್ಟಿ ಆಳು. ಆಗ ಬಂದವಳೂ ಅವಳೇ.

ಅವಳಿಗಿಂತ ಮೊದಲು ಪಕ್ಕದ ಮನೆಯ ಮೇವಿಸ್ ಬಂದಿದ್ದಳು. ಸಾವಿನ ಮನೆಗೆ ನಮ್ಮಲ್ಲಿ ಯಾರೂ ಬರಿಗೈಲಿ ಬರುವುದಿಲ್ಲ, ಬಂದು ಸುಮ್ಮನೆ ಕೂರುವುದೂ ಇಲ್ಲ. ಬೀನ್ಸ್ ಪಾತ್ರೆ ಒಲೆಯ ಮೇಲಿಟ್ಟವಳೇ ಡೆಲ್‌ನ ಕೋಣೆ ಗುಡಿಸಿ, ಲೋಟ ತೊಳೆದು, ಮಂಚದ ಪಕ್ಕದ್ದನ್ನೆಲ್ಲ ಡ್ರಾಯರಿಗೆ ತುಂಬಿದ್ದಳು.

"ಅಯ್ಯೋ ಮೇವಿಸ್, ನನ್ನ ಅರ್ಧ ಕೆಲ್ಸಾನೇ ಗುಡಿಸಿಬಿಟ್ಯಲ್ಲೇ!" ಎಂದಳು ವರ್ನಾ. ಬೈಯಲಿಲ್ಲ. "ಕೂತ್ಕೋ. ಏನೇನ್ ಮುಟ್ಟಿದೆ, ಒಂದೊಂದೇ ಹೇಳು."

"ಲೋಟ, ಪುಸ್ತಕ... ಆ ಹಾಳಾದ ಅಲಾರಂ. ಹೊಡ್ಕೋತಾನೇ ಇತ್ತು, ಆಫ್ ಮಾಡಿದೆ."

ವರ್ನಾಳ ಪೆನ್ನು ನಿಂತಿತು. ನಮ್ಮ ಕಡೆ ತಿರುಗಿದಳು. "ನಿಮ್ಮನೇಲಿ ಜೋರು ಸದ್ದಿಗೆ ಎಚ್ಚರ ತಪ್ಪೋರು ಯಾರಾದ್ರೂ ಇದ್ದಾರಾ?"

ನಾಲ್ಕು ವರ್ಷದ ಮಗಳು ಟೆಸ್ ಫೋನ್ ಹೊಡೆದುಕೊಂಡಾಗ ಎರಡು ಸಲ ಹಾಗೇ ಬಿದ್ದಿದ್ದಳು. ಡಾಕ್ಟರು ಅದು ಮಕ್ಕಳ ಹಟ ಅಂದಿದ್ದರು. ಹೇಳಿದೆ.

"ಪೇಟೆ ಹುಡುಗಿ ಇವ್ಳು," ಎಂದರು ಅತ್ತೆ ಲೋಯಿಸ್. "ಮಗು ಸೀನಿದ್ರೂ ಆಸ್ಪತ್ರೆಗೆ ಓಡ್ತಾಳೆ."

"ಓಡ್ಲಿ ಲೋಯಿಸ್. ಇವತ್ತೇ ಓಡ್ಲಿ. ಹೃದಯದ ಡಾಕ್ಟರ ಹತ್ರ."

ಓಡಿದೆ. ಟೆಸ್‌ಳ ಇಸಿಜಿಯ ಗೆರೆಗಳನ್ನು ನೋಡಿ ಆ ಡಾಕ್ಟರಿಗೆ ಅನುಮಾನ ಬಂತು. ಅಂದೇ ಗುಳಿಗೆ ಶುರುವಾಯಿತು. ಅತ್ತ ಶವಪರೀಕ್ಷೆಯಲ್ಲಿ ಡೆಲ್‌ನ ಹೃದಯ ನೋಡಲು ಚೆನ್ನಾಗೇ ಇತ್ತಂತೆ. ಆದರೆ ಅಲಾರಂ ಬಗ್ಗೆ ವರ್ನಾ ಬರೆದ ಒಂದು ಸಾಲು ಓದಿ ಕಚೇರಿಯ ವೈದ್ಯೆ ಅವನ ರಕ್ತವನ್ನು ವಂಶವಾಹಿ ಪರೀಕ್ಷೆಗೂ ಕಳಿಸಿದ್ದರು.

ಫಲಿತಾಂಶವನ್ನು ಮೇ ತಿಂಗಳಲ್ಲಿ ವರ್ನಾ ತಾನೇ ತಂದಳು. ಜೋರು ಸದ್ದಿಗೆ ಬೆಚ್ಚಿದರೆ ಹೃದಯದ ಬಡಿತ ಏರುಪೇರಾಗುವ ದೋಷ, ವಂಶದಲ್ಲಿ ಬಂದದ್ದು. ಟೆಸ್‌ಗೂ ಅದೇ. ಗುಳಿಗೆ ತಪ್ಪಿಸದಿದ್ದರೆ ಭಯ ಬಹಳ ಕಡಿಮೆ.

ಅವಳ ಕೋಟಿನ ತೋಳು ಹಿಡಿದು ನಿಂತೆ.

"ಅಳ್ಬೇಡ ಕಣೇ. ಈ ಸುಳಿವು ಡೆಲ್ ಕೊಟ್ಟು ಹೋಗಿರೋದು. ನಾನು ಬರ್ಕೊಂಡೆ, ಅಷ್ಟೇ."

ಟೆಸ್ ಆಗಲೇ ಒಂದೇ ಬೂಟಿನಲ್ಲಿ ಅಂಗಳದ ಕೆಸರಿಗೆ ಓಡಿದ್ದಳು. ನಾನು ಕೂಗಲಿಲ್ಲ. ಇನ್ನೊಂದು ಬೂಟು ಹಿಡಿದು ಹಿಂದೆಯೇ ಹೋದೆ.