ಸಾರ್ ಹೇಗಿದ್ದಾರೆ ಎಂದು ಕೇಳಿದವನು

ದೊಡ್ಡದೊಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಗಿರಾಕಿಗಳ ಪ್ಯಾಂಟಿನ ಕಾಲು ಮಡಿಚಿ, ಅಂಗಿಯ ಹೊಟ್ಟೆ ಸಡಿಲಿಸಿ ಕೊಡುವುದು ಅವಳ ಕೆಲಸ. ಅಂಗಡಿಯವರಿಗೆಲ್ಲ ಅವಳು ಸೂಜಕ್ಕ. ಗಂಡ ಲಿಫ್ಟ್ ಮೆಕ್ಯಾನಿಕ್. ಮಾತುಗಾರ. "ದಿನಾ ನೂರಾರು ಜನರನ್ನ ಮೇಲಕ್ಕೆ ಕಳಿಸ್ತೀನಿ, ಇವತ್ತಿನವರೆಗೆ ಒಬ್ರೂ ಸತ್ತಿಲ್ಲ" ಎಂದು ಸಿಕ್ಕವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ. ಮಕ್ಕಳಿರಲಿಲ್ಲ. ಮನೆ ತುಂಬಲು ಅವನ ಬಾಯಿಯೇ ಸಾಕಿತ್ತು.

ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ.

ಮೊದಮೊದಲು ಜನ ಬಂದರು, ಹೋದರು. ಆಮೇಲೆ, ಹೆಸರೆತ್ತಿದರೆ ಅಳುತ್ತಾಳೆ ಎಂದು ಅಂಗಡಿಯವರು ಅವನ ಸುದ್ದಿಯನ್ನೇ ಬಿಟ್ಟರು. ನೆರೆಮನೆಯವರೂ ಬಿಟ್ಟರು. ಅವನ ಸ್ವಂತ ತಂಗಿ, ಅವಳ ನಾದಿನಿ, ಮಾತು ಅತ್ತ ಹೊರಳಿತೆಂದರೆ ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದಳು.

ಅವನ ಮೊಬೈಲನ್ನು ಸೂಜಕ್ಕ ಆರಿಸಲಿಲ್ಲ. ಅವನ ಹೆಸರಿನ ಕ್ರೆಡಿಟ್ ಕಾರ್ಡಿನಿಂದಲೇ ಕರೆಂಟ್ ಬಿಲ್ಲು, ಔಷಧಿ ಎಂದು ಖರ್ಚು ಮಾಡಿ, ತಿಂಗಳಾಗುತ್ತಲೇ ತನ್ನ ಸಂಬಳದಿಂದ ತೀರಿಸುತ್ತಿದ್ದಳು. ಬ್ಯಾಂಕಿಗೆ ತಿಳಿಸಬೇಕೆಂದು ಗೊತ್ತಿರಲಿಲ್ಲವೆಂದಲ್ಲ. ತಿಳಿಸಿದರೆ ಅಲ್ಲಿಯೂ ಅವನು ಸತ್ತಂತೆ. ನಾಳೆ ಹೇಳಿದರಾಯಿತು ಎಂದುಕೊಂಡೇ ವರ್ಷ ಕಳೆದಿತ್ತು.

ಒಂದು ರಜೆಯ ದಿನ ಅವಳು ಇಸ್ತ್ರಿ ಮಾಡುತ್ತಿದ್ದಾಗ ಆ ಮೊಬೈಲಿಗೆ ಕರೆ ಬಂತು. ಮೃದುವಾದ ಗಂಡುದನಿ.

"ನಮಸ್ಕಾರ ಮೇಡಂ, ಬ್ಯಾಂಕಿನಿಂದ. ಸಾರ್ ಇದ್ದಾರಾ?"

ಇಲ್ಲ ಎನ್ನುವಷ್ಟರಲ್ಲಿ ಅವನು ಮುಂದುವರಿಸಿದ್ದ. "ಹೇಗಿದ್ದಾರೆ ಸಾರ್? ಆರಾಮಾ?"

ಅವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನಿಂತಿತು. "ಹ್ಞೂಂ, ಇದ್ದಾರೆ" ಎಂದಳು. "ಕೆಲಸಕ್ಕೆ ಹೋಗಿದ್ದಾರೆ. ಮಂಡಿನೋವೊಂದು ಬಿಟ್ರೆ ಚೆನ್ನಾಗೇ ಇದ್ದಾರೆ. ಲಿಫ್ಟ್ ರಿಪೇರಿ ಮಾಡೋರು, ತಾವು ಮಾತ್ರ ಮೆಟ್ಟಿಲು ಹತ್ತೋದು. ಹೇಳಿದ್ರೆ ಕೇಳಬೇಕಲ್ಲ!"

"ಗಂಡಸರು ಯಾರು ಕೇಳ್ತಾರೆ ಮೇಡಂ" ಎಂದು ಅವನು ನಕ್ಕ. ಅವಳೂ ನಕ್ಕಳು. ಎಷ್ಟೋ ಹೊತ್ತು ಮಾತಾಡಿದಳು. ಕೊನೆಗೆ ಅವನು, ಸಾರ್ ಕಾರ್ಡಿನ ಅವಧಿ ಮುಗೀತಾ ಇದೆ, ಅವರಿಗೆ ತೊಂದರೆ ಬೇಡ, ನೀವೇ ಹೇಳಿಬಿಡಿ ಎಂದ. ಅವಳು ಕಾರ್ಡಿನ ಮೇಲಿದ್ದದ್ದನ್ನೆಲ್ಲ ಓದಿದಳು. ಮೊಬೈಲಿಗೆ ಬಂದ ಓಟಿಪಿಯನ್ನೂ ಓದಿದಳು.

ಮರುದಿನ ಕೆಲಸದಿಂದ ಬರುವಷ್ಟರಲ್ಲಿ ಮೊಬೈಲ್ ತುಂಬ ಸಂದೇಶಗಳು. ಆನ್‌ಲೈನಿನಲ್ಲಿ ಬೂಟು, ಕೈಗಡಿಯಾರ, ಸೆಂಟು, ಮತ್ತೆ ಬೂಟು. ಅವಳು ನೋಡುತ್ತಿದ್ದಂತೆಯೇ ಇನ್ನೊಂದು ಬಂತು. ತರಕಾರಿ ತಂದುಕೊಡಲು ಬಂದಿದ್ದ ನಾದಿನಿ ಇಣುಕಿ ನೋಡಿ, "ಅಯ್ಯೋ, ಯಾರೋ ಕಳ್ಳರು ಅತ್ತಿಗೆ! ಮೊದಲು ಬ್ಯಾಂಕಿಗೆ ಫೋನ್ ಮಾಡಿ" ಎಂದಳು.

ಫೋನೆತ್ತಿದ ಹುಡುಗಿ ಎಲ್ಲ ಕೇಳಿಕೊಂಡು, "ಕಾರ್ಡ್ ಯಾರ ಹೆಸರಲ್ಲಿದೆಯೋ ಅವರಿಗೆ ಕೊಡಿ" ಎಂದಳು.

"ಅವರು ಸ್ನಾನಕ್ಕೆ ಹೋಗಿದ್ದಾರೆ."

"ಬಂದ ಮೇಲೆ ಅವರ ಕೈಲೇ ಮಾಡಿಸ್ತೀರಾ?"

"ಮಾಡಿಸ್ತೀನಿ" ಎಂದಳು ಸೂಜಕ್ಕ.

ನಾದಿನಿ ದಂಗಾಗಿ ನೋಡಿದಳು. ಮೊಬೈಲ್ ಕಿತ್ತುಕೊಂಡಳು. "ನಮ್ಮಣ್ಣ ಇಲ್ಲ. ಸತ್ತು ಹೋಗಿದ್ದಾನೆ. ಕಾರ್ಡ್ ಬಂದ್ ಮಾಡಿ!" ಎಂದು ಕೂಗಿದಳು. ಕೂಗಿದವಳು ತರಕಾರಿ ಚೀಲದ ಪಕ್ಕದಲ್ಲೇ ಕುಸಿದು ಕೂತಳು. ಅಣ್ಣ ಸತ್ತ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಕಾರ್ಡು ಅಂದೇ ನಿಂತಿತು. ಪೊಲೀಸರಿಗೂ ದೂರು ಕೊಟ್ಟರು. ಬ್ಯಾಂಕಿನ ಅಧಿಕಾರಿ ಕೆಟ್ಟವನಲ್ಲ. ಮರಣ ಪ್ರಮಾಣಪತ್ರವನ್ನು ನೋಡಿ, ಕಂಪ್ಯೂಟರನ್ನು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಅಮ್ಮಾ, ಒಂದು ತೊಂದರೆ. ಅವರು ಹೋದ ಮೇಲೆ ನೀವೂ ಕಾರ್ಡ್ ಬಳಸಿದ್ದೀರಿ. ಅದೂ ತಪ್ಪೇ."

"ಕಟ್ಟಿದ್ದೀನಲ್ಲ ಸಾರ್. ಒಂದು ತಿಂಗಳೂ ತಪ್ಪಿಸಿಲ್ಲ."

"ಕಟ್ಟಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ಆ ಓಟಿಪಿ ಹಿಡಿದೇ ಆ ಕಳ್ಳ ಈ ಕಾರ್ಡನ್ನ ತನ್ನ ಮೊಬೈಲಿಗೆ ಜೋಡಿಸಿಕೊಂಡಿದ್ದಾನೆ. ಅದನ್ನ ಕೊಟ್ಟೋರು ನೀವೇ. ಈ ದುಡ್ಡು ಬಿಡಿ ಅಂತ ಮೇಲಿನವರಿಗೆ ಬರೆದು ಕಳಿಸ್ತೀನಿ. ಆಸೆ ಮಾತ್ರ ಇಟ್ಕೋಬೇಡಿ."

ಹೊರಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ನಾದಿನಿಗೆ ತಡೆಯಲಾಗಲಿಲ್ಲ. "ಓಟಿಪಿ ಯಾರಿಗೂ ಹೇಳಬಾರದು ಅಂತ ಪುಟ್ಟ ಮಕ್ಕಳಿಗೂ ಗೊತ್ತು ಅತ್ತಿಗೆ. ನೀವೇನು ದಡ್ಡರಾ? ಯಾಕೆ ಹೇಳಿದ್ರಿ?"

ಸೂಜಕ್ಕ ಮರಣ ಪ್ರಮಾಣಪತ್ರವನ್ನು ಮಡಿಚಿ ಚೀಲದೊಳಗಿಟ್ಟಳು. ಆಮೇಲೆ ಅಂದಳು: "ನಿಮ್ಮಣ್ಣ ಹೇಗಿದ್ದಾರೆ ಅಂತ ಕೇಳಿದ ಕಣೇ. ಯಾರೂ ಕೇಳ್ತಾ ಇರಲಿಲ್ಲ. ಅವನು ಕೇಳಿದ."

ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ. ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮುಂದಿನ ಬಸ್ಸೂ ಹೋಯಿತು.

ಕಳ್ಳ ಸಿಗಲಿಲ್ಲ. ಸಾಮಾನು ತಲುಪಿದ ವಿಳಾಸದಲ್ಲಿ ಖಾಲಿ ಬಾಡಿಗೆ ಮನೆಯಿತ್ತು. ಬ್ಯಾಂಕಿನವರು ಬಡ್ಡಿ ಬಿಟ್ಟರು, ಅಸಲು ಬಿಡಲಿಲ್ಲ. ಕಟ್ಟಲಾಗದಿದ್ದರೆ ಬಿಡಿ, ಸತ್ತವರ ಸಾಲಕ್ಕೆ ನಿಮ್ಮನ್ನು ಯಾರು ಹಿಡಿಯುತ್ತಾರೆ ಎಂದು ಅಂಗಡಿಯವರು ಬುದ್ಧಿ ಹೇಳಿದರು. ಅವಳು ಒಪ್ಪಲಿಲ್ಲ. "ಅವರ ಹೆಸರಲ್ಲಿ ಯಾರೂ ಬಾಕಿ ಕೇಳಬಾರದು" ಎಂದು ಮನೆಗೂ ಹೊಲಿಗೆ ತಂದಳು.

ಭಾನುವಾರಗಳಂದು ನಾದಿನಿ ಬಂದು ಗುಂಡಿ ಹಚ್ಚಿಕೊಡುತ್ತಾಳೆ. ಇಬ್ಬರೂ ಅವನ ಮಾತಾಡುತ್ತಾರೆ. ಚಿಕ್ಕಂದಿನಲ್ಲಿ ಬೀರುವಿನೊಳಗೆ ಅವಿತು ನಿದ್ದೆ ಹೋಗಿ ಊರೆಲ್ಲ ಹುಡುಕಿಸಿದ್ದನಂತೆ. ಅದನ್ನು ಸೂಜಕ್ಕ ಕೇಳಿರಲೇ ಇಲ್ಲ. ಯಂತ್ರ ನಿಲ್ಲಿಸಿ, ಆಮೇಲೇನಾಯಿತು ಎಂದು ಕೇಳಿದಳು.