ಮೊದಲು ಬೆರಳು, ಆಮೇಲೆ ಮುಖ

ಇಟಲಿಯ ಫ್ಲಾರೆನ್ಸಿನ ಚಿತ್ರಶಾಲೆಗೆ ಗೈಡೆಡ್ ಟೂರು ಆರಿಸುವ ಕೆಲಸ ನನ್ನ ತಲೆಗೆ ಬಿತ್ತು. ಡಬ್ಲಿನ್ನಿನ ನಮ್ಮ ಮನೆಯಲ್ಲಿ ಇಂಥವೆಲ್ಲ ನನಗೇ. ಗಂಡನದು ಬರೀ ಅಭಿಪ್ರಾಯ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಸರಿಸಿ ಲ್ಯಾಪ್‌ಟಾಪು ತೆರೆದೆ. ಒಂದು ಟೂರಿನಲ್ಲಿ ಎಲ್ಲವನ್ನೂ ಓಡಿಸಿಕೊಂಡು ತೋರಿಸುತ್ತಾರೆ, ಇನ್ನೊಂದರಲ್ಲಿ ಕೆಲವೇ ಚಿತ್ರ, ನಿಧಾನ.

"ಅಷ್ಟು ದೂರ ಹೋಗಿ ನಾಲ್ಕೇ ಪೇಂಟಿಂಗಾ? ಫುಲ್ ಟೂರೇ ಬುಕ್ ಮಾಡು," ಎಂದ ಗಂಡ.

ಪ್ರವಾಸ ಹೊರಟಿದ್ದೇ ಅಮ್ಮನಿಗಾಗಿ. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅವಳ ಕಣ್ಣು ಮಸುಕಾಗುತ್ತಿತ್ತು. ನೇರ ನೋಡಿದ್ದು ಕಲಸಿಹೋಗಿ ಅಂಚಷ್ಟೇ ಕಾಣುತ್ತದೆ, ಮುಂದೆ ಅದೂ ಕಷ್ಟ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಒಳ್ಳೆಯ ಚಿತ್ರಗಳನ್ನು ನೋಡಿಬಿಡಬೇಕೆಂಬುದು ಅವಳ ಆಸೆ.

ಚಿತ್ರದ ಹುಚ್ಚು ಅವಳಿಗೆ ಹಳೆಯದು. ಮೈಸೂರಿನ ಮನೆಗೆ ಯಾವ ನೆಂಟರು ಬರಲಿ, ಅರಮನೆ, ಬೆಟ್ಟ ಆದಮೇಲೆ ಅಲ್ಲಿನ ಚಿತ್ರಶಾಲೆಗೆ ಎಳೆದೊಯ್ಯುತ್ತಿದ್ದಳು. ಉಳಿದ ಕೋಣೆಗಳನ್ನು ದಡಬಡ ದಾಟಿಸಿ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿಸುತ್ತಿದ್ದಳು. ಪರದೆ ಎಳೆದ ಕತ್ತಲಲ್ಲಿ ಅವಳ ಪಿಸುದನಿ: "ಮುಖ ಆಮೇಲೆ. ಮೊದಲು ಬೆರಳು ನೋಡಿ." ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿನ ಕೆಂಪು ಕಂಡಮೇಲಷ್ಟೇ ನೆಂಟರಿಗೆ ಬಿಡುಗಡೆ. ಹೊಟ್ಟೆ ಚುರುಗುಟ್ಟುತ್ತಿದ್ದ ನಾವು ಮಕ್ಕಳು ಗೊಣಗುತ್ತಿದ್ದೆವು. ಆ ಕತ್ತಲ ಕೋಣೆ ಈಗ ಎಷ್ಟು ಬೇಕೆನಿಸುತ್ತದೆ!

"ನಿಂಗೆ ಯಾವ ಟೂರು ಬೇಕಮ್ಮಾ?" ಎಂದು ಕೇಳಿದೆ.

ಅವಳು ಪಕ್ಕಕ್ಕೆ ಬಂದು ಕೂತು, ಕತ್ತು ಓರೆ ಮಾಡಿ ಲ್ಯಾಪ್‌ಟಾಪಿನ ಪರದೆಯತ್ತ ನೋಡಿದಳು. ಟೂರಿನ ಜಾಹೀರಾತಿಗೆಂದು ಅಲ್ಲೊಂದು ಚಿತ್ರ ಹಾಕಿದ್ದರು.

"ಇದ್ರಲ್ಲಿ ಏನಿದೆ ಹೇಳು."

"ಒಬ್ಬ ತಾಯಿ, ತೊಡೆ ಮೇಲೆ ಮಗು. ತಾಯಿ ಮುಖ ಒಂಥರಾ..."

"ಮುಖ ಇರ್ಲಿ ಕಣೇ. ಮೊದಲು ಬೆರಳು ಹೇಳು."

ನಾನು ಬೆರಳನ್ನು ನೋಡಿಯೇ ಇರಲಿಲ್ಲ. ಹತ್ತಿರ ಬಾಗಿ ನೋಡಿದೆ. "ಮಗೂನ ಹೊಟ್ಟೆ ಸುತ್ತ ಕೈ ಹಾಕಿದಾಳೆ. ಬೆರಳು ಒಂಚೂರು ಒಳಗೆ ಊರಿದೆ, ಬಿಟ್ರೆ ಎಲ್ಲಿ ಜಾರಿ ಹೋಗತ್ತೋ ಅನ್ನೋ ಹಾಗೆ."

ಅಮ್ಮ ಕಣ್ಣು ಮುಚ್ಚಿಕೊಂಡು ನಕ್ಕಳು. "ಹೂಂ, ಈಗ ಕಾಣಿಸ್ತು. ಟೂರು ಗೀರು ಯಾಕೆ? ಹಿಂಗೇ ಹೇಳ್ತಾ ಬಾ, ಸಾಕು."

ತೆರೆದಿಟ್ಟಿದ್ದ ಟೂರುಗಳನ್ನೆಲ್ಲ ಮುಚ್ಚಿ ಬರೀ ಪ್ರವೇಶದ ಟಿಕೆಟ್ಟು ತೆಗೆದೆ.

"ಮತ್ತೆ ಗೈಡು ಯಾರು?" ಎಂದ ಗಂಡ.

ನನ್ನ ಕಡೆಗೇ ಬೆರಳು ತೋರಿಸಿಕೊಂಡೆ.