ನಿಯರ್ ಎಂದರೆ ಎಷ್ಟು ದೂರ

ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಬೀದರಿನ ನಮ್ಮ ಶಿಕ್ಷಣ ಕಚೇರಿಗೆ ಮದ್ರಾಸ್ ಕಡೆಯ ಸಾಹೇಬರೊಬ್ಬರು ಬಂದರು. ಅವರಿಗೆ ಉರ್ದು ಬಾರದು, ಕನ್ನಡವೂ ಬಾರದು. ನನಗೆ ಇಂಗ್ಲಿಷ್ ಬರುತ್ತದೆಂದು ಸುದ್ದಿ ಹಬ್ಬಿತ್ತು, ಹಬ್ಬಿಸಿದವನು ನಾನೇ. ನಿಜಕ್ಕೂ ನನಗೆ ಬರುತ್ತಿದ್ದದ್ದು ಅಣಕಿಸುವುದೊಂದೇ: ಸಾಹೇಬರ ದನಿ ಮತ್ತು ಅವರು ಗಂಟಲು ಸರಿಮಾಡಿಕೊಳ್ಳುವ ಠೀವಿ. ಅವರ ಮಾತು ಹೆಚ್ಚುಕಡಿಮೆ ತಿಳಿಯುತ್ತಿತ್ತು, ತಿರುಗಿ ಆಡಲು ನಾಲ್ಕೇ ಪದ. ಅಷ್ಟರ ಮೇಲೆಯೇ ದುಭಾಷಿಯಾಗಿದ್ದೆ.

ಕಾಕಾನ ಮಗಳು, ನನ್ನ ಅಕ್ಕ, ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಅವಳನ್ನು ಔರಾದಿಗೆ ವರ್ಗ ಮಾಡಿದ್ದರು. ಕಾಕಾ ತೀರಿಕೊಂಡಿದ್ದ, ಅವನ ಹೆಂಡತಿ, ಕಣ್ಣು ಕಾಣದ ಕಾಕುವಿಗೆ ಇವಳೊಬ್ಬಳೇ ಆಸರೆ. ವರ್ಗ ನಿಲ್ಲಿಸಿರೆಂದು ಕೇಳಲು ಬಂದಳು.

ಸಾಹೇಬರು ನಕ್ಷೆಯ ಮೇಲೆ ಭಾಲ್ಕಿಗೊಂದು, ಔರಾದಿಗೊಂದು ಬೆರಳಿಟ್ಟು, “ನಿಯರ್,” ಎಂದರು.

“ಮಗ್ಗಲದಾಗೇ ಅದ ಅಂತಾರ,” ಎಂದೆ.

“ನಕ್ಷಾದಾಗ ಮಾಂಜ್ರಾ ಹೊಳಿ ಅದ ಏನು, ಕೇಳು. ಮಳಿಗಾಲದಾಗ ಹೊಳಿ ತುಂಬಿದ್ರ ಆ ದಂಡಿ ಮಂದಿ ಆ ದಂಡಿಗೇ,” ಎಂದಳು ಅಕ್ಕ.

ನಕ್ಷೆಯಲ್ಲಿ ಹೊಳೆಯ ಗೆರೆ ತೋರಿಸಿದೆ. ಹಾಗಾದರೆ ಇವಳ ಲೆಕ್ಕದಲ್ಲಿ ಯಾವುದು ನಿಯರ್ ಎಂದು ಸಾಹೇಬರು ಕೇಳಿದರು.

“ಅವ್ವ ನೀರು ಬೇಡಿದ್ರ ಒಲಿ ಮುಂದ ಕುಂತ ನನಗ ಕೇಳಬೇಕ್ರಿ. ಎರಡನೇ ಸಲ ಆಕಿ ಕರೀಬಾರದು. ಅಷ್ಟ ಸಮೀಪ.”

“ವೆರಿ ನಿಯರ್, ಸರ್,” ಎಂದೆ.

“ನಾ ಇಷ್ಟುದ್ದ ಹೇಳಿದ್ರ ನೀ ಇಷ್ಟೇ ಹೇಳ್ತಿ?”

ನನ್ನ ಇಂಗ್ಲಿಷು ಅಲ್ಲಿಗೆ ತೀರಿತ್ತು. ನಟನೆಗಿಳಿದೆ. ಕಾಕುವಿನಂತೆ ಕುರ್ಚಿ ತಡಕಾಡಿದೆ, ಮಗಳನ್ನು ಕರೆದೆ, ಜೀವ ಹೋಗುವಂತೆ ಕೆಮ್ಮಿದೆ. ಸಾಹೇಬರ ಮುಖ ಕರಗಿತು. ಕೆಲಸ ಆಯಿತೆಂದುಕೊಂಡೆ.

“ಬಂದ್ ಮಾಡು,” ಎಂದಳು ಅಕ್ಕ. “ಅವ್ವಗ ಕೆಮ್ಮಿಲ್ಲ. ಕಣ್ಣಷ್ಟೇ ಇಲ್ಲ. ಇದ್ದದ್ದು ಹೇಳು.”

ಏನೆಂದಳು ಎಂಬಂತೆ ಸಾಹೇಬರು ನನ್ನ ಕಡೆ ನೋಡಿದರು. ಊರವರನ್ನೆಲ್ಲ ಅಣಕಿಸಿ ಮೆರೆದವನು, ನನ್ನ ಕೆಮ್ಮು ಸುಳ್ಳೆಂದು ನಾನೇ “ನೋ ಕಾಫ್, ಸರ್,” ಅಂದು ಒಪ್ಪಬೇಕಾಯಿತು. ವರ್ಗ ನಿಲ್ಲಲೆಂದು ಬಂದವಳು, ಅದನ್ನು ನಿಲ್ಲಿಸಬಲ್ಲ ಸುಳ್ಳನ್ನು ತಾನೇ ತೆಗೆದುಹಾಕಿದ್ದಳು. ಯಾರ ದನಿಯನ್ನಾದರೂ ಅಣಕಿಸಬಲ್ಲೆ. ಅವಳು ಆಗ ಆಡಿದ ದನಿ ಇಂದಿಗೂ ನನಗೆ ಬಂದಿಲ್ಲ.

ಸಾಹೇಬರು ಅಕ್ಕನನ್ನೊಮ್ಮೆ ನೋಡಿ ವರ್ಗದ ಕಾಗದ ಎಳೆದುಕೊಂಡರು. ಔರಾದನ್ನು ಹೊಡೆದುಹಾಕಿ, ಭಾಲ್ಕಿ ಎಂದು ಬರೆದು ಕಾಗದ ಮುಂದೆ ಹಿಡಿದರು. ಅಕ್ಕ ಕೈ ಚಾಚಲಿಲ್ಲ.

“ಔರಾದ ಸಾಲಿಗಿ ಯಾರು ಹೋಗ್ತಾರ, ಕೇಳು. ಅಲ್ಲಿ ಹುಡುಗೇರು ಹಾದಿ ನೋಡ್ಕೋತ ಕುಂತಿರ್ತಾರ.”

ಔರಾದು ಯಾರಿಗೆ ನಿಯರೋ ಅವರನ್ನು ಹಾಕುತ್ತೇನೆಂದರು ಸಾಹೇಬರು. ಒಂದಕ್ಷರ ಕೂಡಿಸದೆ ಅಕ್ಕನಿಗೆ ಹೇಳಿದೆ. ಆಮೇಲೆ ಕಾಗದ ತೆಗೆದುಕೊಂಡಳು.